ನಾಲ್ಕನೆಯ ತಟ್ಟು

ನನ್ನ ಗಂಡನ ಎದೆಯಲ್ಲಿ ಒಂದು ಯಂತ್ರವಿದೆ. ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡದು. ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಕೂತಿದೆ. ಗುಂಡಿಗೆ ತಾಳ ತಪ್ಪಿದಾಗ ಮತ್ತೆ ತಾಳಕ್ಕೆ ತರುವುದು ಅದರ ಕೆಲಸ. ಪೇಸರ್ ಎನ್ನುತ್ತಾರೆ. ನಮ್ಮ ಏಳು ಜಿಲ್ಲೆಗಳಲ್ಲಿ ಈಗ ಮೂವತ್ತೆಂಟು ಸಾವಿರ ಮಂದಿಯ ಎದೆಯಲ್ಲಿ ಇಂಥದ್ದೇ ಇದೆ. ಇದು ಸುಮ್ಮನೆ ಕೂಡುವ ಜಾತಿಯದಲ್ಲ. ತಾಸಿಗೊಮ್ಮೆ ಹುಬ್ಬಳ್ಳಿಯ ಹೃದಯ ಕೇಂದ್ರದ ಜೊತೆ ತಾನೇ ಮಾತಾಡುತ್ತದೆ: ಬಡಿತ ಇಷ್ಟು, ಬ್ಯಾಟರಿ ಇಷ್ಟು, ಏನಾದರೂ ಹೇಳುವುದಿದೆಯೇ? ಇದ್ದರೆ ಕೇಂದ್ರ ಹೇಳುತ್ತದೆ, ಇಲ್ಲದಿದ್ದರೆ ಸರಿ ಎನ್ನುತ್ತದೆ.

ಈ ಮಾತುಕತೆಯೆಲ್ಲ ನಡೆಯುವುದು ಗಾಳಿಯಲ್ಲಿ. ಗಾಳಿಯಲ್ಲಿ ನಡೆಯುವ ಮಾತಿಗೆ ಯಾರು ಬೇಕಾದರೂ ನಡುವೆ ಬಾಯಿ ಹಾಕಬಹುದು. ಎಲ್ಲೋ ಕೂತ ಪುಣ್ಯಾತ್ಮನೊಬ್ಬ ನನ್ನ ಗಂಡನ ಗುಂಡಿಗೆಗೆ 'ನಿಲ್ಲು' ಎಂದುಬಿಟ್ಟರೆ? ಅದು ನಡೆಯದಂತೆ ನೋಡಿಕೊಳ್ಳಲೆಂದೇ ಹನ್ನೆರಡು ವರ್ಷದಿಂದ ನನ್ನನ್ನು ಇಟ್ಟುಕೊಂಡಿದ್ದಾರೆ. ನಾನು ಕಸ್ತೂರಿ ಬಳಿಗಾರ, ಕೇಂದ್ರದ ಫೈರ್‌ವಾಲ್ ನೋಡಿಕೊಳ್ಳುವವಳು. ವಯಸ್ಸು ಐವತ್ತಾರು. ಬಾಯಿ ಜೋರು ಎಂದು ಹೆಸರಿದೆ, ಅದೇನೂ ಸುಳ್ಳಲ್ಲ.

ಆ ಶುಕ್ರವಾರ ನಡೆದದ್ದನ್ನು ಅರ್ಧ ಪುಟದಲ್ಲಿ ಬರೆದುಕೊಡಿ ಎಂದು ವಿಚಾರಣೆಯವರು ಕೇಳಿದ್ದರು. ಬರೆದುಕೊಟ್ಟೆ. ಅರ್ಧ ಪುಟದಲ್ಲಿ ಏನು ಹಿಡಿಸುತ್ತದೆ, ನನ್ನ ಕರ್ಮ! ಪೂರ್ತಿ ಬರೆಯದೆ ನನಗೆ ಅನ್ನ ಸೇರುತ್ತಿಲ್ಲ.

ಫೈರ್‌ವಾಲ್ ಎಂದರೆ ಹೊಸದಾಗಿ ಕೇಳಿದವರು ಗೋಡೆ ಎಂದುಕೊಳ್ಳುತ್ತಾರೆ. ಗೋಡೆಯಾಗಿದ್ದರೆ ನನ್ನಂಥವಳು ಯಾಕೆ ಬೇಕಿತ್ತು, ಕಟ್ಟಿ ಮನೆಗೆ ಹೋಗಬಹುದಿತ್ತು. ನನ್ನ ಜೊತೆ ಕೆಲಸ ಮಾಡುವ ಮೌಲಾಸಾಬ ನದಾಫ ಅದನ್ನು ಅಗಸಿ ಎನ್ನುತ್ತಾನೆ, ಹಳೆಯ ಊರುಗಳಿಗೆ ಇರುತ್ತಿತ್ತಲ್ಲ, ಆ ಹೆಬ್ಬಾಗಿಲು. ಅವನು ಹಾಗೆಂದ ಮೇಲೆ ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಅಗಸಿ ಎಂದೇ ಕರೆಯುತ್ತೇವೆ. ಎದೆಗಳಿಗೂ ಕೇಂದ್ರಕ್ಕೂ ನಡುವೆ ಅಂಥ ಮೂರು ಅಗಸಿಗಳಿವೆ, ಒಂದರ ಹಿಂದೆ ಒಂದು.

ಮೊದಲನೆಯದು ಲಕೋಟೆಯ ಮೇಲಿನ ವಿಳಾಸವನ್ನಷ್ಟೇ ನೋಡುತ್ತದೆ. ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಎಷ್ಟನೆಯ ಸಲ ಬಂತು. ಅದರ ಹತ್ತಿರ ನಾವು ಬರೆದುಕೊಟ್ಟ ಒಂದು ಪಟ್ಟಿ ಇರುತ್ತದೆ. ಮೇಲಿನಿಂದ ಕೆಳಕ್ಕೆ ಓದುತ್ತಾ ಹೋಗಿ, ಯಾವ ಸಾಲು ಮೊದಲು ಹೊಂದಿತೋ ಅದರಂತೆ ನಡೆದುಕೊಂಡುಬಿಡುತ್ತದೆ, ಕೆಳಗಿನ ಸಾಲು ಏನು ಹೇಳಿದೆ ಎಂದು ಕಣ್ಣೆತ್ತಿಯೂ ನೋಡುವುದಿಲ್ಲ. ಭಾರೀ ಚುರುಕು, ಆದರೆ ಶುದ್ಧ ದಡ್ಡ. ಸುಳ್ಳು ವಿಳಾಸ ಬರೆದುಕೊಂಡು ಬಂದವನನ್ನು ಅದು ಹಿಡಿಯಲಾರದು.

ಎರಡನೆಯದಕ್ಕೆ ನೆನಪಿದೆ. ಯಾರು ಯಾರ ಜೊತೆ ಮಾತು ಶುರು ಮಾಡಿದರು ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ನಮ್ಮಲ್ಲಿ ಮಾತು ಶುರುವಾಗಬೇಕಾದದ್ದು ಎದೆಯ ಕಡೆಯಿಂದ. ಎದೆ ಕೇಳಿದರೆ ಕೇಂದ್ರ ಉತ್ತರ ಕೊಡಬಹುದು, ಕೇಳದೆ ಯಾರು ಬಂದರೂ, ಕೇಂದ್ರದ ದೊಡ್ಡ ಡಾಕ್ಟರೇ ಬಂದರೂ, ಹೊರಗೇ. ಈ ಕಟ್ಟುನಿಟ್ಟಿನಿಂದಾಗಿಯೇ ಹನ್ನೆರಡು ವರ್ಷ ನನಗೆ ನಿದ್ದೆ ಬಂದದ್ದು.

ಮೂರನೆಯದು ಲಕೋಟೆ ಒಡೆದು ಓದುತ್ತದೆ. ಮದುವೆ ಸೀರೆ ಆರಿಸಲು ಕೂತ ಹೆಂಗಸಿನ ಹಾಗೆ ಒಂದೊಂದೇ ಮಡಿಕೆ ಬಿಚ್ಚಿ, ಅಂಚು ಸೆರಗು ತಿರುವಿ, ಪೇಸರ್ ಮಾಡುವ ಕಂಪನಿಯ ಸೀಲು ಸರಿ ಇದೆಯೇ, ಬಡಿತದ ಅಂಕಿ ಮನುಷ್ಯರದ್ದೇ ಹೌದೇ ಎಂದೆಲ್ಲ ನೋಡಿ ಆಮೇಲೆ ಬಿಡುತ್ತದೆ. ಮೂರರಲ್ಲೂ ಜಾಣ ಇದೇ, ನಿಧಾನವೂ ಇದೇ. ಒಟ್ಟಿಗೆ ಬಹಳ ಮಂದಿ ಬಂದರೆ ಉಸಿರುಗಟ್ಟುತ್ತದೆ.

ಇನ್ನು ತಟ್ಟುವ ವಿಷಯ. ತಾಸು ಕಾಯದೆ ಈಗಲೇ ಕೇಂದ್ರದ ಜೊತೆ ಮಾತಾಡಬೇಕೆಂದರೆ ಪೇಸರ್ ಇದ್ದವರು ಅದರ ಮೇಲೆ ಎರಡು ಬೆರಳಿನಿಂದ ಟಕ್ ಟಕ್ ಎಂದು ತಟ್ಟಬೇಕು. ಆಗ ಅದು ಕೇಂದ್ರವನ್ನು ಕೂಗುತ್ತದೆ. ಉತ್ತರ ತಲುಪಿತೆಂದರೆ ಎದೆಯಲ್ಲಿ ಸಣ್ಣಗೆ ನಡುಗಿ ತಿಳಿಸುತ್ತದೆ. ಮನೆಯವರಿಗೂ ಗೊತ್ತಾಗಲೆಂದು ಅವರ ಮೊಬೈಲಿಗೆ ಒಂದು 'ಟಿಂಗ್' ಹೋಗುತ್ತದೆ. ತಲೆಸುತ್ತು, ಎದೆನೋವು, ಅಂಥ ಹೊತ್ತಿಗೆಂದು ಮಾಡಿದ ಏರ್ಪಾಡು. ಆದರೆ ನಮ್ಮ ಮಂದಿ ಎಂಥವರು! ಕಾಸಿಲ್ಲದೆ ಸುದ್ದಿ ಮುಟ್ಟಿಸುವ ದಾರಿ ಸಿಕ್ಕರೆ ಬಿಟ್ಟಾರೆಯೇ? ಮಿಸ್ಡ್ ಕಾಲ್ ಕೊಟ್ಟು ಬೆಳೆದ ಕೈಗಳು. ಬಸ್ ಹತ್ತಿದೆ, ಟಕ್ ಟಕ್. ಊರು ಮುಟ್ಟಿದೆ, ಟಕ್ ಟಕ್. ಊಟ ಆಯಿತು, ಬಾಗಿಲು ತೆಗಿ, ಹಾಲು ತರಲೇನು, ಎಲ್ಲಕ್ಕೂ ಟಕ್ ಟಕ್.

ಎಲ್ಲರಿಗಿಂತ ಮುಂದೆ ನಮ್ಮ ಮನೆಯವರೇ. ಚನ್ನವೀರಪ್ಪ ಬಳಿಗಾರ, ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಈಗ ಮಧ್ಯಾಹ್ನ ಊಟ ಮುಗಿಸಿ ದುರ್ಗದಬೈಲಿನಲ್ಲಿರುವ ಗೆಳೆಯ ಗುರುಸಿದ್ದಪ್ಪನ ಗಡಿಯಾರದಂಗಡಿಗೆ ಹೋಗಿ ಕೂಡುವುದೇ ಅವರ ಡ್ಯೂಟಿ.

"ಮೊಬೈಲ್ ಒಯ್ಯಿರಿ ಅಂದ್ರ ದಿನಾ ಮನ್ಯಾಗ ಇಟ್ಟು ಹೋಗ್ತೀರಲ್ಲ," ಎಂದು ಬೈಯುತ್ತಿದ್ದೆ.

"ಎದ್ಯಾಗ ಒಂದು ಐತಿ, ಕಿಸೇದಾಗ ಇನ್ನೊಂದು ಯಾಕ? ಮುಟ್ಟಿದ ಮ್ಯಾಲೆ ತಟ್ತೀನಿ, ತಿಳ್ಕೋ."

"ಅದು ಜೀವಕ್ಕ ಕುತ್ತು ಬಂದಾಗ ತಟ್ಟೂದ್ರೀ!"

"ಮುಟ್ಟಿದ ಸುದ್ದಿ ಹೇಳದs ಹೋದ್ರ ಸಂಜಿಗೆ ನಿನ್ನ ಕೈಯಾಗ ಜೀವಕ್ಕ ಕುತ್ತs ಅಲ್ಲೇನು?"

ಇಂಥವರಿಗೆ ಏನು ಹೇಳುತ್ತೀರಿ. ನಗು ಬಂದುಬಿಡುತ್ತಿತ್ತು. ಡ್ಯೂಟಿಯ ನಡುವೆ ಟಿಂಗ್ ಎಂದರೆ ಸಿಡುಕುತ್ತಿದ್ದೆ ನಿಜ, ಬರುವ ಹೊತ್ತಿಗೆ ಬರದಿದ್ದರೆ ಮಾತ್ರ ಹತ್ತು ಸಲ ಮೊಬೈಲ್ ನೋಡುತ್ತಿದ್ದೆ.

ಈ ಯುಗಾದಿಯ ದಿನ ಬೆಳಿಗ್ಗೆ ಏಳೂ ಜಿಲ್ಲೆಗಳ ಪೇಸರಿನವರು ಬೇವು-ಬೆಲ್ಲ ತಿಂದು ಮಕ್ಕಳು ಮೊಮ್ಮಕ್ಕಳಿಗೆಲ್ಲ ತಟ್ಟಿದರು. ಮೂರನೆಯ ಅಗಸಿ ಹತ್ತೊಂಬತ್ತು ನಿಮಿಷ ಕಟ್ಟಿಕೊಂಡು ನಿಂತಿತು. ಆ ಹತ್ತೊಂಬತ್ತು ನಿಮಿಷದಲ್ಲಿ ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ನಮ್ಮ ಮುಖ್ಯಸ್ಥರಾದ ಹೊಸಕೋಟಿ ಸಾಹೇಬರ ಮುಖ ಮಾರನೆಯ ದಿನದವರೆಗೂ ಬಿಳುಪೇರಿತ್ತು. "ಕಸ್ತೂರಿಬಾಯಾರ, ಇದಕ್ಕೊಂದು ಬಂದೋಬಸ್ತ್ ಮಾಡ್ರಿ," ಎಂದರು.

ಮಾಡಿದೆ. ಮೊದಲನೆಯ ಅಗಸಿಯ ಪಟ್ಟಿಯಲ್ಲಿ ಏಳನೆಯ ಸಾಲು ಬರೆದೆ. ಒಂದು ಎದೆಯಿಂದ ತಾಸಿಗೆ ಮೂರು ತಟ್ಟು, ನಾಲ್ಕನೆಯದು ಬಂದರೆ ಬಿಸಾಕು. ಅಷ್ಟಕ್ಕೇ ನಿಲ್ಲಿಸಲಿಲ್ಲ ನಾನು. ಆಟಕ್ಕೆ ತಟ್ಟುವವರಿಗೆ ಬುದ್ಧಿ ಬರಲೆಂದು, ಬಿಸಾಕಿದ ಮೇಲೂ ತಟ್ಟುತ್ತಲೇ ಇದ್ದರೆ ಪ್ರತಿ ತಟ್ಟಿಗೂ ಆ ತಾಸು ಹೊಸದಾಗಿ ಶುರುವಾಗುವಂತೆ ಮಾಡಿದೆ. ಸುಮ್ಮನೆ ಕೂತರೆ ಬಾಗಿಲು ತೆರೆಯುತ್ತದೆ, ತಟ್ಟಿದಷ್ಟೂ ಮುಚ್ಚೇ ಇರುತ್ತದೆ.

ಮೌಲಾಸಾಬ ತಲೆ ಕೆರೆದುಕೊಂಡಿದ್ದ. "ಅಕ್ಕಾರ, ಬಿಸಾಕೂದು ಬಿಸಾಕ್ರಿ, 'ಈಗ ಆಗೂದಿಲ್ಲ' ಅಂತ ಒಂದು ಮಾತರ ತಿರುಗಿ ಹೇಳೂನು. ತಟ್ಟಿದವರಿಗೆ ಗೊತ್ತಾಗಬೇಕಲ್ರೀ."

ಎರಡೂ ಸಾಧ್ಯವಿತ್ತು. 'ಆಗುವುದಿಲ್ಲ' ಎಂದು ಹೇಳಿ ಕಳಿಸಬಹುದು, ಇಲ್ಲವೇ ಸದ್ದಿಲ್ಲದೆ ಬಿಸಾಕಬಹುದು. ನಮ್ಮ ಕಸುಬಿನಲ್ಲಿ ಎರಡನೆಯದೇ ರೂಢಿ, ಯಾಕೆಂದರೆ ಉತ್ತರ ಕೊಟ್ಟರೆ ಅಲ್ಲೊಂದು ಬಾಗಿಲಿದೆ ಎಂದು ತಟ್ಟಿದವನಿಗೆ ತಿಳಿದುಹೋಗುತ್ತದೆ.

"ಕಳ್ಳ ಬಂದು ಕದ ತಟ್ಟಿದ್ರ, ಮನ್ಯಾಗ ಯಾರೂ ಇಲ್ಲ ಅಂತ ಒಳಗಿಂದ ಒದರ್ತೀಯೇನೋ?" ಎಂದೆ.

ರೂಮಿನವರೆಲ್ಲ ನಕ್ಕರು. ಅವನೂ ನಕ್ಕ. ಮಾತಿನಲ್ಲಿ ನನ್ನನ್ನು ಗೆದ್ದವರು ಆ ರೂಮಿನಲ್ಲಿ ಯಾರೂ ಇರಲಿಲ್ಲ. ಅದೇ ಮುಳುವಾಯಿತು.

ನಿಜವಾದ ಅಪಾಯ ಬಂದರೆ ಪೇಸರೇ ಗುರುತಿಸಿ ಕೆಂಪು ಕರೆ ಕಳಿಸುತ್ತದೆ, ಆ ಕರೆಗೆ ಈ ಮೂರು ತಟ್ಟಿನ ಲೆಕ್ಕವಿಲ್ಲ, ಆದ್ದರಿಂದ ಭಯವೇನೂ ಇಲ್ಲ ಎಂದು ಫೈಲಿನಲ್ಲಿ ಬರೆದೆ. ಸಾಹೇಬರು ಸಹಿ ಹಾಕಿದರು. ಪಟ್ಟಿಯಲ್ಲಿ ಏನಿದೆ ಎಂದು ಹೊರಗೆ ಹೇಳುವಂತಿಲ್ಲ. ಮನೆಯಲ್ಲೂ ಹೇಳಲಿಲ್ಲ. "ಇನ್ನ ಮ್ಯಾಲೆ ಭಾಳ ತಟ್ಟಬ್ಯಾಡ್ರಿ," ಎಂದೆ ಅಷ್ಟೇ. ಅವರು "ಹೂಂ" ಎಂದು ಮಜ್ಜಿಗೆ ಕುಡಿದರು.

ಆ ಶುಕ್ರವಾರ ಮಧ್ಯಾಹ್ನ ಎರಡರ ಸುಮಾರಿಗೆ ಫೋನುಗಳು ಶುರುವಾದವು. ತಲೆ ತಿರುಗುತ್ತಿದೆ, ಕಣ್ಣು ಕತ್ತಲೆ ಬರುತ್ತಿದೆ. ಕೊಪ್ಪಳದಿಂದೊಂದು, ಹಾವೇರಿಯಿಂದ ಎರಡು, ಆಮೇಲೆ ಎಣಿಸಲಾಗದಷ್ಟು. ಕರೆ ಮಾಡಿದವರೆಲ್ಲ ಒಂದೇ ಮಾದರಿಯ, ಏಳನೆಯ ಸರಣಿಯ ಪೇಸರಿನವರು. ಆ ಬೆಳಿಗ್ಗೆ ಕಂಪನಿಯಿಂದ ಆ ಸರಣಿಗೆ ಒಂದು ಹೊಸ ಸೂಚನೆ ಹೋಗಿತ್ತು. ತಾಸಿನ ಮಾತುಕತೆಗೆ ಉತ್ತರವಾಗಿಯೇ ಹೋಗಿತ್ತು, ಆದ್ದರಿಂದ ಎರಡನೆಯ ಅಗಸಿ ಬಿಟ್ಟಿತು. ಸೀಲು ಸರಿ ಇತ್ತು, ಮೂರನೆಯದೂ ಬಿಟ್ಟಿತು. ನಮ್ಮ ಅಗಸಿಗಳು ಕಳ್ಳನನ್ನು ಹಿಡಿಯಲು ಕಲಿತಿದ್ದವು. ಕಂಪನಿಯದೇ ಸೀಲು ಹಾಕಿಕೊಂಡು ಬಂದ ತಪ್ಪನ್ನು ಹಿಡಿಯಲು ನಾವು ಅವಕ್ಕೆ ಕಲಿಸಿರಲಿಲ್ಲ.

ಆ ಸೂಚನೆ ಪೇಸರಿನ ಒಳಗಡಿಯಾರವನ್ನು ಕೆಡಿಸಿತ್ತು. ಬಡಿತ ನಿಧಾನವಾಗಿ ಇಳಿಯುತ್ತಿತ್ತು, ಅರವತ್ತು, ಐವತ್ತು, ನಲವತ್ತೆರಡು. ತಾಸಿನ ಮಾತುಕತೆ ನಿಂತುಹೋಗಿತ್ತು. ಕೆಂಪು ಕರೆ? ಅದೂ ಇಲ್ಲ. ತನ್ನ ಗಡಿಯಾರವೇ ನಿಧಾನವಾದ್ದರಿಂದ ಬಡಿತ ಅರವತ್ತೇ ಇದೆ ಎಂದು ಯಂತ್ರ ನಂಬಿತ್ತು. ನಮ್ಮ ಮನೆಯವರ ಪೇಸರೂ ಅದೇ ಸರಣಿಯದು. ನಾಲ್ಕು ವರ್ಷದ ಹಿಂದೆ ಹಾಕಿಸುವಾಗ ಇದೇ ಚಲೋದು ಎಂದು ನಾನೇ ಆರಿಸಿದ್ದೆ.

ಅವತ್ತು ಎರಡೂ ಇಪ್ಪತ್ತೈದಕ್ಕೆ ಟಿಂಗ್, ಮನೆ ಬಿಟ್ಟೆ. ಎರಡೂ ನಲವತ್ತಕ್ಕೆ ಟಿಂಗ್, ಅಂಗಡಿ ಮುಟ್ಟಿದೆ. ಎರಡೂ ಐವತ್ತೆಂಟಕ್ಕೆ ಮತ್ತೊಂದು, ಚಹಾ ಕುಡಿದೆನೆಂದು ಇರಬೇಕು. ಇಲ್ಲಿ ಬೆಂಕಿ ಹತ್ತಿಕೊಂಡಿದೆ, ಈ ಮನುಷ್ಯನಿಗೆ ಬೇರೆ ಉದ್ಯೋಗವಿಲ್ಲ ಎಂದು ಸಿಡುಕಿದೆ. ಜೊತೆಗೇ ಒಂದು ಸಮಾಧಾನವೂ ಆಯಿತು, ಮೂರು ಸಲ ತಟ್ಟಿದ್ದಾರೆ, ಹುಷಾರಾಗಿದ್ದಾರೆ.

ಮೂರು ಗಂಟೆ ಐದು ನಿಮಿಷಕ್ಕೆ ಕಂಪನಿಯಿಂದ ಸರಿಪಡಿಸುವ ಸೂಚನೆ ಬಂತು. ಆದರೆ ಅದನ್ನು ಎದೆಗಳಿಗೆ ಮುಟ್ಟಿಸುವುದು ಹೇಗೆ? ಎದೆ ಕೇಳದೆ ನಾವು ಮಾತಾಡುವಂತಿಲ್ಲ. ಕೇಳಬೇಕಾದ ಯಂತ್ರದ ಬಾಯಿ ಕಟ್ಟಿದೆ. ಉಳಿದದ್ದು ಒಂದೇ ದಾರಿ, ಕೈಯಿಂದ ತಟ್ಟುವುದು. ಮೂರೂ ಹತ್ತಕ್ಕೆ ಟಿ.ವಿ., ರೇಡಿಯೋ, ಮೊಬೈಲ್ ಎಲ್ಲದರಲ್ಲೂ ಪ್ರಕಟಣೆ ಹೋಯಿತು: ಏಳನೆಯ ಸರಣಿಯ ಪೇಸರ್ ಇರುವವರು ಈಗಿಂದೀಗಲೇ ತಟ್ಟಿ, ಎದೆಯಲ್ಲಿ ನಡುಕ ಬರುವವರೆಗೆ ತಟ್ಟುತ್ತಲೇ ಇರಿ. ಆ ವಾಕ್ಯ ಬರೆದದ್ದು ಸಾಹೇಬರು. ಓದಿ ಸರಿ ಎಂದವಳು ನಾನು.

ಆ ಸರಣಿಯವರು ಸಾವಿರದ ನೂರ ನಲವತ್ತು ಮಂದಿ. ಗೋಡೆಯ ಮೇಲಿನ ಪರದೆಯಲ್ಲಿ ಸಂಖ್ಯೆ ಇಳಿಯುತ್ತಾ ಹೋಯಿತು. ಒಂಬೈನೂರು. ಐನೂರು. ನೂರ ಎಪ್ಪತ್ತು. ಮೌಲಾ "ಯಾ ಅಲ್ಲಾ, ಯಾ ಅಲ್ಲಾ" ಎನ್ನುತ್ತಾ ಕೂತಿದ್ದ. ನಾನು ಮಾತ್ರ ಒಂದೇ ಹೆಸರು ಹುಡುಕುತ್ತಿದ್ದೆ. ಉಳಿದವರ ಪಟ್ಟಿಯಲ್ಲಿ ಅದು ಹಾಗೇ ಇತ್ತು. ಪ್ರಕಟಣೆ ಕೇಳಿಲ್ಲವೇನೋ, ಮೊಬೈಲ್ ಮನೆಯಲ್ಲಿದೆ, ಅಯ್ಯೋ ಶಿವನೇ. ಗುರುಸಿದ್ದಪ್ಪನ ಅಂಗಡಿಗೆ ಫೋನ್ ಹಚ್ಚಿದೆ. ಎರಡು ಸಲ ತಪ್ಪು ನಂಬರು ಒತ್ತಿದೆ.

"ಅಣ್ಣಾರ, ನಮ್ಮವರಿಗೆ ತಟ್ಟಾಕ ಹೇಳ್ರಿ, ಲಗೂನ ಹೇಳ್ರಿ!"

"ಅಕ್ಕಾರ, ರೇಡಿಯೋದಾಗ ಕೇಳಿದಾಗಿಂದ ತಟ್ಟಾಕತ್ತಾರ್ರೀ. ಮತ್ತ ಮತ್ತ ತಟ್ಟಾಕತ್ತಾರ. ನಡುಕ ಬರವಲ್ದು ಅಂತಾರ. ಮಾರಿ ಎಲ್ಲಾ ಬೆವತೈತಿ, ತುಟಿ ನೀಲಿ ಆಗ್ಯಾವು. ಆಂಬುಲೆನ್ಸಿಗೂ ಫೋನ್ ಮಾಡೀನಿ, ಸಂತಿ ಗದ್ಲದಾಗ ಯಾವಾಗ ಬರ್ತೈತೋ ಏನೋ. ನಿಮ್ಮ ಕಡೇದ ಏನರ ಕೆಟ್ಟೈತೇನ್ರೀ?"

ಬಿಸಾಕಿದ್ದರ ಪಟ್ಟಿ ತೆರೆದೆ. ಅದನ್ನು ಯಾರೂ ನೋಡುವುದಿಲ್ಲ, ಕಸದ ಬುಟ್ಟಿ ಅದು. ಸಾಲು ಸಾಲಾಗಿ ಉರುಳುತ್ತಿತ್ತು. ಗಾಬರಿಯಾಗಿ ತಟ್ಟುತ್ತಿದ್ದ ಬೇರೆ ಸರಣಿಯ ಸಾವಿರಾರು ಮಂದಿ, ಅವರ ನಡುವೆ ಏಳನೆಯ ಸರಣಿಯ ಒಂಬತ್ತು ವಿಳಾಸಗಳು. ಪ್ರಕಟಣೆಗೆ ಮೊದಲೇ ಮೂರು ತಟ್ಟನ್ನು ಖರ್ಚು ಮಾಡಿಕೊಂಡಿದ್ದವರು. ಎಂಟನೆಯದು ನಮ್ಮ ಮನೆಯವರದು. ನಾಲ್ಕನೆಯ ತಟ್ಟು, ಬಿಸಾಕಿದೆ. ಐದನೆಯದು, ಬಿಸಾಕಿದೆ. ಆರು, ಏಳು, ಎಂಟು. ಎಲ್ಲದರ ಮುಂದೆಯೂ ಕಾರಣ: ಸಾಲು ಏಳು. ಬರೆದವರು: ಕ. ಬಳಿಗಾರ.

"ಸಾಹೇಬ್ರ, ಏಳನೇ ಸಾಲು ಅಳಿಸ್ತೀನಿ!" ಎಂದು ಕೂಗಿದೆ.

"ಅಳಿಸಿದ್ರಂದ್ರ ಮೂವತ್ತೆಂಟು ಸಾವಿರ ಮಂದಿ ಒಮ್ಮೆಲೆ ನುಗ್ತಾರ," ಎಂದರು ಹೊಸಕೋಟಿ. "ಮೂರನೇ ಅಗಸಿ ಕಟ್ತೈತಿ. ಇನ್ನೂ ಅರವತ್ತು ಮಂದಿ ಉಳದಾರ, ಅವರಿಗೂ ಹೋಗೂದು ನಿಲ್ತೈತಿ. ಒಬ್ಬೊಬ್ಬರಿಗೇ ಬ್ಯಾರೆ ಸಾಲು ಹಾಕ್ರಿ. ಬಂದ ಕ್ರಮದಾಗ ಹಾಕ್ರಿ."

ಅವರು ಹೇಳಿದ್ದು ಸರಿ. ಪಟ್ಟಿಯ ತುತ್ತತುದಿಯಲ್ಲಿ 'ಈ ವಿಳಾಸವನ್ನು ಬಿಡು' ಎಂದು ಒಂದು ಸಾಲು ಬರೆದರೆ ಸಾಕು, ಅಗಸಿ ಕೆಳಗೆ ನೋಡುವುದಿಲ್ಲ. ಆದರೆ ನಮ್ಮಲ್ಲಿ ಒಬ್ಬರೇ ಸಾಲು ಬರೆಯುವಂತಿಲ್ಲ. ಒಬ್ಬರು ಹದಿನಾರು ಅಂಕಿ ಒತ್ತಬೇಕು, ಇನ್ನೊಬ್ಬರು ಅದನ್ನು ಗಟ್ಟಿಯಾಗಿ ಓದಿ ಹೇಳಿ ತಮ್ಮ ಕೀಲಿ ತಿರುವಬೇಕು. ಎಷ್ಟೇ ಲಗುಬಗೆ ಮಾಡಿದರೂ ಸಾಲಿಗೆ ಒಂದು ನಿಮಿಷ. ಒಂಬತ್ತು ಮಂದಿಗೆ ಒಂಬತ್ತು ನಿಮಿಷ. ಮೊದಲನೆಯ ವಿಳಾಸ ಗದಗ-ಬೆಟಗೇರಿಯದು, ಕೊನೆಯ ಅಂಕಿಗಳು ನಾಲ್ಕು ನಾಲ್ಕು ಏಳು ಒಂದು.

ಮೌಲಾ ಕೀಲಿ ಹಿಡಿದು ಪಕ್ಕದಲ್ಲಿ ನಿಂತ. ನಾನು ಅಂಕಿ ಒತ್ತಿದೆ. ಪಟ್ಟಿ ನೋಡಿ ಒತ್ತಲಿಲ್ಲ. ಆ ಹದಿನಾರು ಅಂಕಿ ನನಗೆ ಬಾಯಿಪಾಠ.

ಅವನು ಪರದೆ ನೋಡಿದ. ಆಮೇಲೆ ನನ್ನನ್ನು ನೋಡಿದ. "ಅಕ್ಕಾರ, ಮೊದಲನೇದು ಇದಲ್ಲರೀ."

"ಓದೋ ಮೌಲಾ."

"ಅಕ್ಕಾರ…"

"ನಿನ್ನ ಕಾಲಿಗೆ ಬೀಳ್ತೀನೋ, ಓದು!"

ಅವನು ಓದಿದ. ಹದಿನಾರು ಅಂಕಿಯನ್ನೂ ನಿಂತು ನಿಂತು ಓದಿದ, ಕೀಲಿ ತಿರುವಿದ. ಮೂರು ಗಂಟೆ ಇಪ್ಪತ್ತೊಂದು ನಿಮಿಷ ಐದು ಸೆಕೆಂಡಿಗೆ ಸಾಲು ತೆರೆಯಿತು. ಹನ್ನೆರಡನೆಯ ಸೆಕೆಂಡಿಗೆ ನಮ್ಮ ಮನೆಯವರ ಮುಂದಿನ ತಟ್ಟು ಬಂತು, ಮೊದಲನೆಯ ಅಗಸಿ ದಾಟಿತು, ಎರಡನೆಯದು ಬರೆದುಕೊಂಡಿತು, ಮೂರನೆಯದು ಉತ್ತರವನ್ನು ಒಡೆದು ಓದಿ ಬಿಟ್ಟಿತು. ಮೇಜಿನ ಮೇಲಿನ ಫೋನಿನಲ್ಲಿ ಗುರುಸಿದ್ದಪ್ಪ "ಬಂತು ಅಂದ್ರು! ನಡುಕ ಬಂತು ಅಂದ್ರು!" ಎಂದು ಕೂಗುತ್ತಿದ್ದ. ನಾನು ಅಳುತ್ತಲೇ ಬೆಟಗೇರಿಯ ಅಂಕಿ ಒತ್ತಿದೆ. ಇಪ್ಪತ್ತೆರಡು ನಿಮಿಷ ಐದು ಸೆಕೆಂಡಿಗೆ ಆ ಸಾಲೂ ತೆರೆಯಿತು.

ಆ ಕಡೆಯಿಂದ ತಟ್ಟು ಬರಲಿಲ್ಲ.

ಉಳಿದ ಏಳು ಮಂದಿಗೆ ಸಾಲು ಬರೆದೆವು, ಏಳೂ ಮಂದಿ ತಟ್ಟಿದರು, ಏಳೂ ಮಂದಿ ಉಳಿದರು. ಬೆಟಗೇರಿಯ ಸಾಲು ತೆರೆದೇ ಇತ್ತು. ನಾಲ್ಕು ಗಂಟೆಯವರೆಗೂ ಅದನ್ನೇ ನೋಡುತ್ತಾ ಕೂತೆ. ಆಮೇಲೆ ಬಿಸಾಕಿದ್ದರ ಪಟ್ಟಿಯಲ್ಲಿ ಆ ವಿಳಾಸ ಹುಡುಕಿದೆ. ಇಪ್ಪತ್ತೊಂದು ಸಲ ತಟ್ಟಿದ್ದಾರೆ. ಕೊನೆಯದು ಮೂರೂ ಇಪ್ಪತ್ತೊಂದು ದಾಟಿ ನಲವತ್ತು ಸೆಕೆಂಡಿಗೆ. ನನ್ನ ಗಂಡನ ಸಾಲು ತೆರೆದು ಮೂವತ್ತೈದು ಸೆಕೆಂಡಾಗಿತ್ತು. ಅವರ ಸಾಲು ತೆರೆಯಲು ಇಪ್ಪತ್ತೈದು ಸೆಕೆಂಡು ಬಾಕಿ ಇತ್ತು.

ಪರಶುರಾಮಪ್ಪ ಬಣ್ಣದ, ಐವತ್ತನಾಲ್ಕು ವರ್ಷ, ಸೀರೆ ನೂಲಿಗೆ ಬಣ್ಣ ಹಾಕುವವರು. ಹೆಸರು ಮರುದಿನ ಪತ್ರಿಕೆಯಲ್ಲಿ ಬಂತು. ಸಾವಿರದ ನೂರ ನಲವತ್ತರಲ್ಲಿ ಸಾವಿರದ ನೂರ ಮೂವತ್ತೊಂಬತ್ತು ಮಂದಿ ಪಾರು ಎಂದು ಕೇಂದ್ರವನ್ನು ಹೊಗಳಿದ್ದರು. ಕೊನೆಯಲ್ಲಿ ನಮ್ಮ ಹೇಳಿಕೆ: ಮೃತರ ಪೇಸರಿನಿಂದ ಪ್ರಕಟಣೆಯ ನಂತರ ಕೇಂದ್ರಕ್ಕೆ ಯಾವ ಕರೆಯೂ ತಲುಪಿಲ್ಲ.

"ಇದೇನ್ರೀ ಸಾಹೇಬ್ರ, ಮನುಷ್ಯಾ ತಟ್ಟs ಇಲ್ಲ ಅನ್ನೂ ಹಂಗ ಐತಲ್ಲ," ಎಂದೆ.

"ತಲುಪಿಲ್ಲ ಅನ್ನೂದು ಖರೇನ ಐತಲ್ರೀ. ಅಗಸಿಯೊಳಗ ಬಿದ್ದದ್ದು ಕೇಂದ್ರಕ್ಕ ತಲುಪಿದ್ದಲ್ಲ." ಹೊಸಕೋಟಿ ನನ್ನ ಮುಖ ನೋಡಲಿಲ್ಲ. "ಆ ಪಟ್ಟಿ ತೆಗದ್ರ ನಿಮ್ಮ ಹೆಸರು ಬರ್ತೈತಿ, ನದಾಫಂದೂ ಬರ್ತೈತಿ. ಅವಂಗ ಎರಡು ಸಣ್ಣ ಮಕ್ಕಳು. ವಿಚಾರ ಮಾಡ್ರಿ."

ವಿಚಾರ ಮಾಡಿದೆ. ಮಾಡಿ, ಆ ಪಟ್ಟಿಯ ಮಾತೆತ್ತದೆ ಅರ್ಧ ಪುಟ ಬರೆದುಕೊಟ್ಟೆ.

ನಮ್ಮ ಮನೆಯವರು ನಾಲ್ಕನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದರು. ಸಂಜೆ ಪಡಸಾಲೆಯಲ್ಲಿ ಕೂತು ಗಂಜಿ ಕುಡಿಯುತ್ತಾ, "ಏನs ಅನ್ನು, ನನ್ನ ಹೇಣ್ತಿ ಅಗಸಿ ಕಾಯಾಕ ಇದ್ಲು ಅಂತ ನಾ ಉಳಿದೆ," ಎಂದರು. ಬಂದವರೆಲ್ಲರ ಮುಂದೆ ಅದನ್ನೇ ಹೇಳಿದರು. ನಾನು ಒಳಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ರಾತ್ರಿ ಊಟಕ್ಕೆ ಕೂತಾಗ ಅವರಿಗೆ ಎಲ್ಲವನ್ನೂ ಹೇಳಿದೆ, ಸೆಕೆಂಡುಗಳ ಸಮೇತ. ತಟ್ಟೆ ಸರಿಸಿ ಕೈ ತೊಳೆದುಕೊಂಡರು.

"ಹೋಗಿ ಹೇಳಿ ಬಾ," ಎಂದರು. "ನಾನೂ ಬರ್ಲೇನು?"

"ಬ್ಯಾಡ್ರಿ. ನಿಮ್ಮ ಮಾರಿ ನೋಡಿದ್ರ ಅವರಿಗೆ ಏನನಸ್ತೈತಿ."

ಬೆಟಗೇರಿಗೆ ಹೋಗಿ ಎಲ್ಲ ಹೇಳಿಬರುತ್ತೇನೆಂದು ಮರುದಿನ ಮೌಲಾನಿಗೂ ತಿಳಿಸಿದೆ. "ಓದಿದಾಂವ ನಾನs ಅಲ್ರೀ ಅಕ್ಕಾರ," ಎಂದ. "ನನ್ನ ಹೆಸರೂ ಹೇಳ್ರಿ."

ಹತ್ತನೆಯ ದಿನ ಬೆಳಿಗ್ಗೆ ಗದಗಿನ ಬಸ್ ಹತ್ತಿದೆ. ಬೆಟಗೇರಿಯಲ್ಲಿ ಬಣ್ಣದವರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದ ಹಗ್ಗಗಳ ಮೇಲೆ ಒಂದೂ ನೂಲಿರಲಿಲ್ಲ. ಪರಶುರಾಮಪ್ಪನವರ ಹೆಂಡತಿ ದ್ರಾಕ್ಷಾಯಣಿ ನನಗಿಂತ ಹತ್ತು ವರ್ಷ ಚಿಕ್ಕವಳು. ಹೃದಯ ಕೇಂದ್ರದವಳು ಎಂದೊಡನೆ ಪರಿಹಾರದ ಕಾಗದ ತಂದಿರಬೇಕೆಂದು ಚಾಪೆ ಹಾಸಿದಳು. ಒಳಗಿನ ಕೋಣೆಯಲ್ಲಿ ಮುದುಕಿಯೊಬ್ಬರು ಗೋಡೆಗೆ ಹೇಳುವಂತೆ ಒಂದೇ ಸಮ ಗೊಣಗುತ್ತಿದ್ದರು, "ತೌರಮನಿಗೆ ಹೋಗಿ ಕುಂತ್ಲು, ನನ್ನ ಮಗಗ ತಟ್ಟು ಅಂತ ಹೇಳಾಕೂ ಗತಿ ಇರ್ಲಿಲ್ಲ."

"ನಮ್ಮತ್ತಿ," ಎಂದಳು ದ್ರಾಕ್ಷಾಯಣಿ. ಆಮೇಲೆ ದನಿ ತಗ್ಗಿಸಿದಳು. "ಹೇಳಿದ್ನಿರಿ ಅಕ್ಕಾರ. ಕೊಪ್ಪಳದಿಂದ ಫೋನ್ ಹಚ್ಚಿ ತಟ್ರಿ ತಟ್ರಿ ಅಂತ ಬಡಕೊಂಡೆ. ತಟ್ಟಾಕತ್ತೀನಿ ಅಂದ್ರು. ತಟ್ಟಿದ್ರ ನನ್ನ ಫೋನಿಗೆ ಟಿಂಗ್ ಅಂತ ಬರಬೇಕಲ್ಲ, ಬರಲಿಲ್ಲ. ಗುಳಿಗಿ ನುಂಗದs ನುಂಗೀನಿ ಅಂತ ಹೇಳೂ ಮನುಷ್ಯಾ. ಇದೂ ಹಂಗs ಅಂದ್ಕೊಂಡೆ. ಸಾಯೂ ಹೊತ್ತಿನ್ಯಾಗೂ ಸುಳ್ಳು ಹೇಳ್ತೀಯಲ್ಲೋ ಅಂತ ಬೈದೆ. ಅದs ಕಡೇ ಮಾತು. ಆಮ್ಯಾಲೆ ಫೋನಿನ್ಯಾಗ ದನೀನ ಬರಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಪೇಪರಿನ್ಯಾಗೂ ತಟ್ಟಿಲ್ಲ ಅಂತನ ಬಂತು. ಹತ್ತು ದಿನದಿಂದ ಆ ಫೋಟೋದ ಮುಂದ ಕುಂತು ಬೈಯಾಕತ್ತೀನಿ, ಯಾಕ ತಟ್ಟಲಿಲ್ಲೋ ಅಂತ."

ನಾನು ಚಾಪೆಯಿಂದ ಎದ್ದು ನೆಲದ ಮೇಲೆ ಕೂತೆ.

"ತಟ್ಟಿದ್ರು," ಎಂದೆ. "ಇಪ್ಪತ್ತೊಂದು ಸಲ ತಟ್ಟಿದ್ರು."

ಅವಳಿಗೆ ಅರ್ಥವಾಗಲಿಲ್ಲ. ಏಳನೆಯ ಸಾಲಿನ ವಿಷಯ ಹೇಳಿದೆ, ನಾನೇ ಬರೆದದ್ದೆಂದು ಹೇಳಿದೆ, ಸದ್ದಿಲ್ಲದೆ ಬಿಸಾಕುವಂತೆ ಮಾಡಿದ್ದೂ ನಾನೇ ಎಂದು ಹೇಳಿದೆ. ಮೊದಲನೆಯ ಹೆಸರು ಅವರದಿತ್ತು, ನಾನು ಎಂಟನೆಯದನ್ನು ಮೊದಲು ಒತ್ತಿದೆ, ಎಂಟನೆಯದು ನನ್ನ ಗಂಡನದು. ಮೌಲಾ ತಡೆದಿದ್ದ, ನಾನು ಕೇಳಲಿಲ್ಲ. ಇಪ್ಪತ್ತೈದು ಸೆಕೆಂಡು. ನನ್ನ ಜೋರು ಬಾಯಿ ಎಲ್ಲಿ ಹೋಗಿತ್ತೋ.

ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು.

"ನಿಮ್ಮವರು ಉಳದಾರೇನು?" ಎಂದಳು.

"ಉಳದಾರ."

ತಲೆಯಾಡಿಸಿದಳು. ತುಟಿ ಅಲುಗುತ್ತಿದ್ದವು, ಏನೋ ಎಣಿಸುತ್ತಿದ್ದಳು. "ಇಪ್ಪತ್ತೊಂದು ಸಲ," ಎಂದಳು. "ಅಂದ್ರ ನಾ ಬೈಯೂ ಮುಂದನೂ ತಟ್ಟಾಕs ಹತ್ತಿದ್ರು."

"ಹೌದು."

"ಸುಳ್ಳು ಹೇಳಿರಲಿಲ್ಲ."

"ಹೇಳಿರಲಿಲ್ಲವ್ವಾ."

ಅವಳು ಎದ್ದು ಒಳಗಿನ ಕೋಣೆಗೆ ಹೋದಳು. ಗೊಣಗಾಟ ನಿಂತಿತು. ಸ್ವಲ್ಪ ಹೊತ್ತಿಗೆ ಅತ್ತೆಯ ರೆಟ್ಟೆ ಹಿಡಿದು ಕರೆತಂದು ನನ್ನೆದುರು ಕೂರಿಸಿದಳು. ಮೈದುನನನ್ನೂ ಓಣಿಯಿಂದ ಕೂಗಿ ಕರೆದಳು. ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಲಲ್ಲಿ ಇಣುಕಿದರೆ ಅವರನ್ನೂ ಒಳಗೆ ಬರಹೇಳಿದಳು.

"ಈಗ ಹೇಳಿದ್ರಲ್ಲ," ಎಂದಳು ನನಗೆ. ಕಣ್ಣು ಕೆಂಪಾಗಿದ್ದವು, ದನಿ ಗಟ್ಟಿಯಾಗಿತ್ತು. "ಅದನ್ನ ಮತ್ತೊಮ್ಮೆ ಹೇಳ್ರಿ. ಎಷ್ಟು ಸಲ ತಟ್ಟಿದ್ರು ಅನ್ನೂದನ್ನ ಮೊದಲು ಹೇಳ್ರಿ. ಮುಪ್ಪಾನಮುದುಕಿ ಕಿವಿಗೆ ಬೀಳೂ ಹಂಗ ಹೇಳ್ರಿ."

ನಾನು ಎದ್ದು ನಿಂತು ಗಟ್ಟಿಯಾಗಿ ಹೇಳಿದೆ.